ಹದಿಮೂರನೆಯ ಮಂಗಳವಾರ

ಜನವರಿ 9, ಸೋಮವಾರ

ಈ ಪುಸ್ತಕ ಕೊಲ್ಲಂನ ಕಾರ್ಖಾನೆಯದು. ಗೋಡಂಬಿ ವಿಂಗಡಿಸುವ ಮೇಜಿನ ಮೇಲೆ ದಿನದ ದರ್ಜೆಗಳನ್ನು ಬರೆದಿಡಲು ಕೊಟ್ಟದ್ದು. ಮೇಜೇ ಹೋದ ಮೇಲೆ ಪುಸ್ತಕ ಯಾರಿಗೆ ಬೇಕು ಎಂದು ಚೀಲಕ್ಕೆ ಹಾಕಿಕೊಂಡು ಬಂದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಅಲ್ಲಿಂದ ಕದ್ದ ಮೊದಲ ವಸ್ತು ಇದು.

ಕಳೆದ ಶನಿವಾರ ಪಾಪನಿವೇದನೆಗೆ ಹೋಗಿದ್ದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡ ನಮ್ಮ ಪಾದ್ರಿ ಅಚ್ಚನ್, "ಬ್ರಿಜೀತಾ, ನೀವು ನಿಮ್ಮ ಪಾಪ ಹೇಳೋಕೆ ಬಂದ್ರೋ ಊರವರದ್ದು ಹೇಳೋಕೆ ಬಂದ್ರೋ? ಊರವರದ್ದನ್ನ ಮನೇಲಿ ಬರೆದಿಟ್ಕೊಳ್ಳಿ" ಎಂದರು. ಸರಿ, ಬರೆಯುತ್ತೇನೆ.

ಮೊದಲು ಯಂತ್ರದ ಪಾಪ. ಕ್ರಿಸ್ಮಸ್ಸಿಗೆ ಮುಂಚೆ ಬಂತು, ಎರಡು ಬೀರುವಿನಷ್ಟು ಗಾತ್ರ. ಮೇಲಿಂದ ಗೋಡಂಬಿ ಸುರಿದರೆ ಒಳಗಿನ ಕ್ಯಾಮೆರಾ ನೋಡಿ ಇಡಿ ಬೀಜ ಒಂದು ಕಡೆ, ಹೋಳು ಒಂದು ಕಡೆ, ಕಲೆಯದ್ದು ಒಂದು ಕಡೆ ಉಗುಳುತ್ತದೆ. ನಾವು ಆರು ಹೆಂಗಸರು ಒಂದು ದಿನದಲ್ಲಿ ಮಾಡುವುದನ್ನು ಚಹಾ ಕುಡಿಯುವಷ್ಟರಲ್ಲಿ ಮುಗಿಸುತ್ತದೆ. ಮಾನೇಜರ್ ಶಿವಪ್ರಸಾದ್ ಸಾರ್ ಆರು ಜನರನ್ನೂ ಕರೆದು ಎರಡು ದಾರಿ ತೋರಿಸಿದರು. ಕೆಲಸ ಬಿಡುತ್ತೇನೆಂದು ಸಹಿ ಹಾಕುವುದು, ಇಲ್ಲವೇ ಬೀಜ ಒಡೆಯುವ ಶೆಡ್ಡಿಗೆ ಹೋಗುವುದು. ಐದು ಜನ ಸಹಿ ಹಾಕಿದರು. ಪಕ್ಕದ ಕುರ್ಚಿಯ ಜಸಿಂತ ಅಳುತ್ತ ಹಾಕಿದಳು.

ನಾನು ಹಾಕಲಿಲ್ಲ. ಆ ಶೆಡ್ಡಿನಲ್ಲಿ ಕೂರುವ ಜನ ಎಂಥವರೆಂದು ಗೊತ್ತು. ಕಪ್ಪು ಕೈ, ದೊಡ್ಡ ಬಾಯಿ. ನಮ್ಮಮ್ಮ ಅವರ ಕೈಯಿಂದ ನೀರು ಕುಡಿದವಳಲ್ಲ. ಆದರೂ ಹಾಕಲಿಲ್ಲ, ಏಕೆಂದರೆ ಸಾರ್ ಕೊನೆಯಲ್ಲಿ, "ಯಂತ್ರದ ಹತ್ರಾನೂ ಕಣ್ಣಿರೋರು ಒಬ್ರು ಬೇಕಾಗ್ಬಹುದು, ನೋಡೋಣ" ಎಂದಿದ್ದರು. ಆ ನೋಡೋಣವನ್ನು ಹಿಡಿದುಕೊಂಡು ಕೂತಿದ್ದೇನೆ.

ನಾಳೆಯಿಂದ ಹದಿಮೂರು ಮಂಗಳವಾರ ಸಂತ ಅಂತೋಣಿಯವರ ನೊವೇನ ಪ್ರಾರ್ಥನೆ ಮಾಡುತ್ತೇನೆ. ಮೇಜಿನ ಕುರ್ಚಿ ವಾಪಸು ಸಿಕ್ಕಿದರೆ ಎರಡು ಬುಟ್ಟಿ ಬನ್ನು ಹಂಚುತ್ತೇನೆಂದು ಹರಕೆ ಹೊತ್ತಿದ್ದೇನೆ. ಕಳೆದದ್ದನ್ನು ಹುಡುಕಿ ಕೊಡುವುದು ಅವರ ಕೆಲಸ. ನೋಡೋಣ, ಅವರ ಕೆಲಸಕ್ಕಾದರೂ ಯಂತ್ರ ಬಂದಿಲ್ಲ.

ಜನವರಿ 10, ಮಂಗಳವಾರ (ಒಂದು)

ನೆಲದ ಮೇಲೆ ಗಿಡ್ಡ ಮಣೆ, ಮುಂದೊಂದು ಕಲ್ಲು, ಕೈಯಲ್ಲಿ ಮರದ ಕೊಡತಿ. ಹುರಿದ ಗೇರುಬೀಜ ಕಪ್ಪಗೆ, ಜಿಡ್ಡಾಗಿ ರಾಶಿ ಬಿದ್ದಿರುತ್ತದೆ. ಒಂದೊಂದನ್ನೇ ನಿಲ್ಲಿಸಿ ಹೊಡೆಯಬೇಕು. ಸಿಪ್ಪೆ ಬಿಚ್ಚಬೇಕು, ಒಳಗಿನದು ಮುರಿಯಬಾರದು. ಹೊಡೆದಾಗಲೆಲ್ಲ ಸೊನೆ ಚಿಮ್ಮುತ್ತದೆ.

ನನ್ನ ಸಾಲಿನಲ್ಲಿ ಎಡಕ್ಕೆ ತಂಗಮಣಿ, ಬಲಕ್ಕೆ ನಬೀಸ. ತಂಗಮಣಿ ಮುದುಕಿ, ಮಾತು ಕಡಿಮೆ. ಅವಳು ಈ ಸಾಲಿನಲ್ಲಿ ಕೂತು ಮೂವತ್ತು ವರ್ಷದ ಮೇಲಾಯಿತು. ನಬೀಸಳ ಬಾಯಿಗೆ ಬೀಗವೇ ಇಲ್ಲ. ನಾನು ಕೂರುತ್ತಿದ್ದಂತೆ, "ಮೇಜಿನ ಚೇಚಿಗೆ ಫ್ಯಾನು ಹಾಕ್ರೇ" ಎಂದು ಕೂಗಿದಳು. ಚೇಚಿ ಎಂದರೆ ಅಕ್ಕ, ಅವಳ ಬಾಯಲ್ಲಿ ಬೈಗುಳ. ಎಲ್ಲ ನಕ್ಕರು. ಒಬ್ಬಳು ತೆಂಗಿನ ಚಿಪ್ಪಿನಲ್ಲಿ ಬೂದಿ ತಂದು ಮುಂದೆ ಇಟ್ಟಳು, ಸೊನೆ ಹತ್ತದಂತೆ ಕೈಗೆ ಬಳಿದುಕೊಳ್ಳಲು. ಬೂದಿ ಬಳಿದುಕೊಳ್ಳಲು ನಾನೇನು ಸನ್ಯಾಸಿಯೇ ಎಂದುಕೊಂಡು ಮುಟ್ಟಲಿಲ್ಲ.

ಮಧ್ಯಾಹ್ನ ಕೈ ಉರಿಯತೊಡಗಿತು. ಮನೆಯಿಂದ ತಂದ ಸೋಪು ಹಾಕಿ ನಲ್ಲಿಯ ಕೆಳಗೆ ಗಸಗಸ ಉಜ್ಜಿದೆ. ಉರಿ ಮೊಣಕೈವರೆಗೆ ಹತ್ತಿತು. ಆ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಆಮೇಲೆ ಆದದ್ದನ್ನು ಬರೆಯಲು ನಾಚಿಕೆ. ಅರಚಿದೆ. "ಸೋಪು ಹಾಕಿ ಸೊನೆಗೆ ರಸ್ತೆ ಮಾಡಿಕೊಟ್ರಲ್ಲ ಚೇಚಿ" ಎಂದು ನಬೀಸ ನಕ್ಕಳು. ತಂಗಮಣಿ ಎದ್ದು ಬಂದು ನನ್ನ ಕೈಗೆ ತೆಂಗಿನೆಣ್ಣೆ ಸುರಿದು ತಿಕ್ಕಿದಳು. ಮೊದಲು ಎಣ್ಣೆ, ಆಮೇಲೆ ಬೂದಿ, ನೀರು ಎಲ್ಲಕ್ಕೂ ಕೊನೆಗೆ ಎಂದಳು. ನಾನು ಕೈ ಎಳೆದುಕೊಂಡೆ.

ಜನವರಿ 11

ಬೆರಳು ಊದಿವೆ. ಬರೆಯಲಾಗುವುದಿಲ್ಲ.

ಜನವರಿ 17, ಮಂಗಳವಾರ (ಎರಡು)

ನಾನು ಒಡೆದದ್ದೆಲ್ಲ ಹೋಳು ಮತ್ತು ನುಚ್ಚು. ಇಂಥ ಬುಟ್ಟಿ ಮೇಜಿಗೆ ಬಂದರೆ ನಾನು ಇದೇ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ 'ಅಸಡ್ಡೆ' ಎಂದು ಬರೆಯುತ್ತಿದ್ದೆ. ಹಿಂದಿನ ಹಾಳೆ ತಿರುಗಿಸಿದರೆ ಎಷ್ಟು ಅಸಡ್ಡೆ! ಕೈಬರಹ ಮಾತ್ರ ಮುದ್ದಾಗಿದೆ.

ಶೆಡ್ಡಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದಾರೆ. ಹಂಗಾಮು ಮುಗಿಯುವಾಗ ಪ್ರತಿಯೊಬ್ಬಳ ಬುಟ್ಟಿಯಲ್ಲಿ ಇಡಿ ಬೀಜ ಎಷ್ಟು ಎಂದು ದಿನದಿನದ ತೂಕದಿಂದ ಲೆಕ್ಕ ಹಾಕಿ, ನಿಗದಿ ಮಾಡಿದ ಗೆರೆಗಿಂತ ಕೆಳಗೆ ಬಂದವರನ್ನು ಮುಂದಿನ ಹಂಗಾಮಿಗೆ ಕರೆಯುವುದಿಲ್ಲವಂತೆ. ಅಂದರೆ ನನ್ನನ್ನು. ಕುರ್ಚಿ ಸಿಗುವವರೆಗೆ ಇಲ್ಲಿ ಉಳಿಯಬೇಕು, ಉಳಿಯಲು ಕೈ ಕಲಿಯಬೇಕು. ಐವತ್ತನಾಲ್ಕು ವರ್ಷಕ್ಕೆ.

ಆ ಹೆಂಗಸರು ಮಧ್ಯಾಹ್ನ ಒಟ್ಟಿಗೆ ಗುಂಪಾಗಿ ಕೂತು ಗಂಜಿ ಉಣ್ಣುತ್ತಾರೆ. ಸೊನೆಯ ಕೈಯಲ್ಲಿ ಉಣ್ಣಲಾಗದು ಎಂದು ಹಲಸಿನೆಲೆ ಮಡಚಿ, ಕಡ್ಡಿ ಚುಚ್ಚಿ ಚಮಚ ಮಾಡಿಕೊಳ್ಳುತ್ತಾರೆ. ನಾನು ಸ್ಟೀಲು ಚಮಚ ಒಯ್ದಿದ್ದೆ. ಗೋಡೆಯ ಕಡೆ ತಿರುಗಿ ಒಬ್ಬಳೇ ಉಂಡೆ.

ಜನವರಿ 31, ಮಂಗಳವಾರ (ನಾಲ್ಕು)

ಅಂತೋಣಿಯವರಿಗೆ ಕಿವಿಯಿದೆ. ಹತ್ತು ದಿನದಿಂದ ನನ್ನ ಬುಟ್ಟಿಯಲ್ಲಿ ಇಡಿ ಬೀಜ ಏರುತ್ತಿದೆ. ಇವತ್ತು ತೂಕದಲ್ಲಿ ಗೆರೆಗಿಂತ ಮೇಲೆ ಬಂದೆ. ಕೈಗೆ ಬುದ್ಧಿ ಬಂದಿದೆ ಎನ್ನಲು ನನಗೇ ಧೈರ್ಯವಿಲ್ಲ, ಈಗಲೂ ಒಡೆದದ್ದರಲ್ಲಿ ಅರ್ಧ ಮುರಿಯುತ್ತದೆ ಎಂದೇ ಅನಿಸುತ್ತದೆ. ಪ್ರಾರ್ಥನೆಗೆ ಇಂಥ ಶಕ್ತಿ. ಎರಡು ಬುಟ್ಟಿ ಅಲ್ಲ, ಮೂರು ಬುಟ್ಟಿ ಬನ್ನು ಎಂದು ಹರಕೆ ಹೆಚ್ಚಿಸಿದೆ.

ಆದರೆ ಆ ಹೆಂಗಸರಿಗೆ ಶಿಸ್ತು ಎಂಬುದಿಲ್ಲ. ಸಂಜೆ ತೂಕದ ಸಾಲಿನಲ್ಲಿ ನನ್ನ ಬುಟ್ಟಿಯ ಮೇಲೇ ಬೀಳುತ್ತಾರೆ. ಸೆರಗು ತಾಗಿಸಿಕೊಂಡು, ಮೈ ತಿಕ್ಕಿಕೊಂಡು ಹೋಗುತ್ತಾರೆ. ನಬೀಸಳಂತೂ ದಿನಾ ಎಡವುತ್ತಾಳೆ. ಕಣ್ಣು ಕಾಣುವುದಿಲ್ಲವೇ ಎಂದು ಬೈದೆ. "ಕಾಣ್ಸುತ್ತೆ ಚೇಚಿ, ಕಾಲು ಕೇಳಲ್ಲ" ಎಂದಳು.

ಫೆಬ್ರವರಿ 12, ಭಾನುವಾರ

ಇವತ್ತು ಬರೆಯಲೇಬೇಕು.

ಹದಿನೆಂಟು ವರ್ಷದಿಂದ ಚರ್ಚಿನ ಬಲಿಪೀಠದ ಬಟ್ಟೆಗಳನ್ನು ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದವಳು ನಾನು. ಮಡಿಕೆ ತಪ್ಪಿದ್ದಿಲ್ಲ, ಕಲೆ ಉಳಿದದ್ದಿಲ್ಲ. ಪೂಜೆ ಮುಗಿದ ಮೇಲೆ ಬಟ್ಟೆಯ ಗಂಟು ತೆಗೆದುಕೊಳ್ಳಲು ಒಳಗೆ ಹೋದೆ. ತಾಯಂದಿರ ಸಂಘದ ಗ್ರೇಸಿ ಟೀಚರ್ ಗಂಟನ್ನು ಎದೆಗವಚಿಕೊಂಡು ನಿಂತಿದ್ದರು. "ಬ್ರಿಜೀತಾ, ನಿನ್ನ ಕೈಗೆ ಸ್ವಲ್ಪ ವಿಶ್ರಾಂತಿ ಬೇಕು ಅಂತ ಸಂಘದಲ್ಲಿ ಎಲ್ಲರಿಗೂ ಅನ್ನಿಸ್ತು" ಎಂದರು. ನನ್ನ ಕೈಗೆ ವಿಶ್ರಾಂತಿ ಬೇಕು ಎಂದು ಕಾರ್ಖಾನೆಗೆ ಅನಿಸಲಿಲ್ಲ, ಇವರಿಗೆ ಅನಿಸಿತು. ಬಿಳಿ ಬಟ್ಟೆಗೆ ನನ್ನ ಬೆರಳು ತಾಗುತ್ತದೆ ಎಂದು ನೇರ ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಪರಮಪ್ರಸಾದದ ಸಾಲಿನಲ್ಲೂ ಅಷ್ಟೇ. ಕೊರೊನಾ ವರ್ಷದಿಂದ ಅಚ್ಚನ್ ಪ್ರಸಾದವನ್ನು ನಾಲಿಗೆಗಲ್ಲ, ಕೈಗೇ ಕೊಡುವುದು. ನಾನು ಅಂಗೈ ಚಾಚಿದೆ. ಗೆರೆಗಳೆಲ್ಲ ಕಪ್ಪು, ಚರ್ಮ ಸುಲಿದು ಒಳಗಿನ ಕೆಂಪು. ಅಚ್ಚನ್ ಎಂದಿನಂತೆ ಕೊಟ್ಟರು. ಹಿಂದಿನವಳು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದಳು.

ನಮ್ಮ ಚರ್ಚಿಗೆ ಶೆಡ್ಡಿನಿಂದ ಬರುವ ನಾಲ್ಕೈದು ಹೆಂಗಸರು ಯಾವಾಗಲೂ ಸಾಲಿನ ಕೊನೆಯಲ್ಲಿ, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಲ್ಲುತ್ತಿದ್ದರು. ಭಕ್ತಿ ಕಡಿಮೆ, ಅದಕ್ಕೇ ತಡವಾಗಿ ಏಳುತ್ತಾರೆ ಎಂದು ಇಷ್ಟು ವರ್ಷ ತಿಳಿದಿದ್ದೆ.

ಫೆಬ್ರವರಿ 14, ಮಂಗಳವಾರ (ಆರು)

ಪ್ರಾರ್ಥನೆಯ ಶಕ್ತಿ ಏನೆಂದು ಇವತ್ತು ತಿಳಿಯಿತು.

ತೂಕಕ್ಕೆ ಮುಂಚೆ ಬುಟ್ಟಿಯೊಳಗೆ ಕೈ ಹಾಕಿ ಸುಮ್ಮನೆ ಒಂದು ಹಿಡಿ ಎತ್ತಿ ನೋಡಿದೆ. ಇಪ್ಪತ್ತೆರಡು ವರ್ಷದ ಚಾಳಿ. ಮೇಜಿನಲ್ಲಿದ್ದಾಗ ಶೆಡ್ಡಿನ ಬುಟ್ಟಿಗಳ ಪರೀಕ್ಷೆಯೂ ನನ್ನದೇ ಆಗಿತ್ತು. ಆಗ ಹುಡುಕುತ್ತಿದ್ದುದು ಮುರಿದದ್ದನ್ನು ಮಾತ್ರ. ಬೀಜ ನೋಡಿದರೆ ಯಾರ ಕೈ ಎಂದು ಹೇಳಬಲ್ಲೆ. ಪ್ರತಿಯೊಬ್ಬಳ ಕೊಡತಿಯ ಪೆಟ್ಟೂ ಬೇರೆ. ತಂಗಮಣಿಯ ಬೀಜಕ್ಕೆ ಒಳಬಾಗಿನಲ್ಲಿ ಉಗುರಿನಷ್ಟು ಸಿಪ್ಪೆ ಎದ್ದಿರುತ್ತದೆ. ನಬೀಸಳದ್ದು ಬೆನ್ನಿನ ಮೇಲೆ ಸಣ್ಣ ಗೀರು. ನನ್ನದು ಗೊತ್ತೇ ಇದೆ, ತುದಿ ಮುಕ್ಕು.

ನನ್ನ ಹಿಡಿಯಲ್ಲಿದ್ದ ಇಡಿ ಬೀಜಗಳಲ್ಲಿ ಮುಕ್ಕಿನವು ಎರಡೋ ಮೂರೋ. ಉಳಿದದ್ದೆಲ್ಲ ಇಡೀ ಸಾಲಿನವರದು.

ಎಡವುತ್ತಿದ್ದುದು ಇದಕ್ಕೆ. ಸೆರಗು ತಾಗುತ್ತಿದ್ದುದು ಇದಕ್ಕೆ.

ನನಗೆ ಕೃತಜ್ಞತೆ ಬರಲಿಲ್ಲ, ಕೋಪ ಬಂತು. ನಾನು ಯಾರ ಭಿಕ್ಷೆಯನ್ನೂ ಕೇಳಿರಲಿಲ್ಲ. ದಾರಿಯಲ್ಲಿ ನಬೀಸಳನ್ನು ನಿಲ್ಲಿಸಿ ಕೇಳಿದೆ. ಅವಳ ನಗು ನಿಂತಿತು. "ಚೇಚಿ, ಕೈ ಬರದೋಳಿಗೆ, ಬಸುರಿಗೆ, ಜ್ವರ ಬಂದೋಳಿಗೆ ಒಂದೊಂದು ಹಿಡಿ. ನಂಗೂ ಹಾಕಿದ್ರು. ಇದನ್ನ ನೋಡಬಾರ್ದು, ಕೇಳಬಾರ್ದು. ನೀವು ಎರಡೂ ಮಾಡಿದ್ರಿ" ಎಂದಳು. ಬೈಸಿಕೊಂಡವಳು ನಾನು.

ನೊವೇನಕ್ಕೆ ಹೋಗಿ ಮೂರನೆಯ ಬುಟ್ಟಿಯ ಹರಕೆ ವಾಪಸು ತೆಗೆದುಕೊಂಡೆ. ಮಾಡದ ಕೆಲಸಕ್ಕೆ ಅಂತೋಣಿಯವರಿಗೇಕೆ ಬನ್ನು.

ಫೆಬ್ರವರಿ 22, ಬೂದಿ ಬುಧವಾರ

ತಪಸ್ಸುಕಾಲ ಶುರು. ಬೆಳಗಿನ ಪೂಜೆಯಲ್ಲಿ ಅಚ್ಚನ್ ಹಣೆಗೆ ಬೂದಿ ಇಟ್ಟು, ಮಣ್ಣಿನಿಂದ ಬಂದೆ, ಮಣ್ಣಿಗೇ ಹೋಗುವೆ ಎಂದರು. ಅಲ್ಲಿಂದ ನೇರ ಶೆಡ್ಡಿಗೆ ಹೋಗಿ ಚಿಪ್ಪಿನ ಬೂದಿಯನ್ನು ಕೈಗೆ ಬಳಿದುಕೊಂಡೆ. ಗ್ರೇಸಿ ಟೀಚರಿಗೆ ವರ್ಷಕ್ಕೆ ಒಂದು ಬೂದಿ ಬುಧವಾರ. ನಮಗೆ ವಾರಕ್ಕೆ ಆರು.

ಮಧ್ಯಾಹ್ನ ಚಮಚ ಮರೆತಿದ್ದೆ. ತಂಗಮಣಿ ಹಲಸಿನೆಲೆ ಮಡಚಿ ಕೊಟ್ಟಳು. ಅಲ್ಲೇ ಕೂತು ಉಂಡೆ. ಕೂತ ಮೇಲೆ, ಹನ್ನೊಂದು ವರ್ಷದಿಂದ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂತು. ಅವಳ ಬಾಯಿ ಅಲ್ಲಾಡುತ್ತಿದೆ, ಗೋಡಂಬಿ ತಿನ್ನುತ್ತಿದ್ದಾಳೆ ಎಂದು ಆಗ ಸಾರ್‌ಗೆ ಹೇಳಿದ್ದು ನಾನು. ಹದಿನೈದು ದಿನ ಅವಳನ್ನು ಕೆಲಸವಿಲ್ಲದೆ ಗೇಟಿನ ಹೊರಗೆ ನಿಲ್ಲಿಸಿದ್ದರು. ಬಾಯಲ್ಲಿದ್ದದ್ದು ಬರೀ ವೀಳ್ಯದೆಲೆ ಇದ್ದಿರಬಹುದೇನೋ ಎಂದು ಆಗಾಗ ಅನಿಸಿದ್ದುಂಟು. ಕೇಳಿಬಿಟ್ಟೆ.

"ಎಲೆ ಅಲ್ಲ, ಗೋಡಂಬೀನೇ. ನೀವು ಹೇಳಿದ್ದು ಸರಿಯಾಗೇ ಇತ್ತು ಬ್ರಿಜೀತಮ್ಮ" ಎಂದಳು. ಗಂಜಿ ಗುಟುಕರಿಸಿ, "ಇಪ್ಪತ್ತು ವರ್ಷ ಒಡೆದಿದ್ದೆ. ಹೇಗಿರುತ್ತೆ ಅಂತ ಒಂದ್ಸಲ ನೋಡೋಣ ಅನ್ನಿಸ್ತು. ನೀವು ಮೇಜಿನಲ್ಲಿ ತಿಂದಿರಲಿಲ್ವಾ?" ಎಂದು ಕೇಳಿದಳು.

ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವಳಿಗೆ.

ದಿನಾ ತಿಂದಿದ್ದೇನೆ. ಜಸಿಂತಳೂ ನಾನೂ, ಮಾತಾಡುತ್ತ, ಮುರಿದದ್ದಲ್ಲ, ಇಡಿಯದ್ದನ್ನೇ. ನಮ್ಮ ಬಾಯಿಯನ್ನು ಯಾರೂ ನೋಡುತ್ತಿರಲಿಲ್ಲ. ಈ ಪುಸ್ತಕದ ಮೊದಲ ದಿನ ಬರೆದ 'ಕದ್ದ ಮೊದಲ ವಸ್ತು' ಎಂಬ ಸಾಲನ್ನು ಹೊಡೆದುಹಾಕಿದ್ದೇನೆ.

ಮಾರ್ಚ್ 7, ಮಂಗಳವಾರ (ಒಂಬತ್ತು)

ಸೆಖೆ. ಗೆರೆಗಿಂತ ಮೇಲೆ ಬಂದೆ. ಹಿಡಿ ಎತ್ತಿ ನೋಡಿದೆ, ಹೆಚ್ಚಿನವುಗಳಲ್ಲಿ ಬೇರೆಯವರ ಗುರುತಿಲ್ಲ, ತುದಿ ಮುಕ್ಕಿಲ್ಲದ ನನ್ನವೇ. ಪೆಟ್ಟು ಎಲ್ಲಿ ಬೀಳಬೇಕೆಂದು ಕೈಗೆ ಗೊತ್ತಾಗಿದೆ. ಹೊಗಳುವವರು ಯಾರೂ ಇಲ್ಲ, ನಾನೇ ಬರೆದುಕೊಳ್ಳುತ್ತೇನೆ.

ಮಾರ್ಚ್ 14, ಮಂಗಳವಾರ (ಹತ್ತು)

ತಂಗಮಣಿ ಚೇಚಿಯ ಮಣಿಕಟ್ಟು ಹೋಗಿದೆ. ಕೊಡತಿ ಎತ್ತುವಾಗ ತುಟಿ ಕಚ್ಚುತ್ತಾಳೆ. ಬರುವ ಹಂಗಾಮು ಒಂದನ್ನು ಮುಗಿಸಿದರೆ ಅವಳಿಗೆ ಪಿಂಚಣಿ. ಈ ಸಲ ಗೆರೆಯ ಕೆಳಗೆ ಬಿದ್ದರೆ ಅದೂ ಇಲ್ಲ, ಇದೂ ಇಲ್ಲ. ಒಡೆದದ್ದರಲ್ಲಿ ಮುಕ್ಕಾಲು ಪಾಲು ಹೋಳು.

ಬೆಳಿಗ್ಗೆ ಹಿತ್ತಲಿನ ಹಲಸಿನ ಮರದಿಂದ ಹತ್ತು ಎಲೆ ಕಿತ್ತುಕೊಂಡು ಹೋಗಿದ್ದೆ, ಎಲ್ಲರಿಗೂ ಆಯಿತು. ಸಂಜೆ ತೂಕದ ಸಾಲಿನಲ್ಲಿ ನಾನೂ ಸ್ವಲ್ಪ ಎಡವಿದೆ. ಈ ನೆಲವೇ ಸರಿಯಿಲ್ಲ.

ಮಾರ್ಚ್ 28, ಮಂಗಳವಾರ (ಹನ್ನೆರಡು)

ಸಾರ್ ಆಫೀಸಿಗೆ ಕರೆದರು. ಕುರ್ಚಿ ಕೊಟ್ಟು ಕೂರಿಸಿದರು. ಎಷ್ಟು ದಿನದ ಮೇಲೆ ಬೆನ್ನಿಗೆ ಒಂದು ಆಸರೆ. ಮೇಲೆ ಫ್ಯಾನು ತಿರುಗುತ್ತಿತ್ತು. ನಿದ್ದೆ ಬರುವಂತಾಯಿತು.

ಒಡೆಯುವ ಶೆಡ್ಡಿನಲ್ಲಿ ಒಬ್ಬಳೂ ಗೆರೆಯ ಕೆಳಗಿಲ್ಲ, ಎಲ್ಲರೂ ಗೆರೆಯ ಮೇಲೆ ಒಂದೇ ಸಮ ನಿಂತಿದ್ದಾರೆ, ಇದು ಹೇಗೆ ಸಾಧ್ಯ ಎಂದು ಕೇಳಿದರು. ಅವರೇ ಮುಂದುವರಿಸಿದರು. ಬೀಜ ಬುಟ್ಟಿಯಿಂದ ಬುಟ್ಟಿಗೆ ಹೋಗುತ್ತಿದೆ ಎಂದು ಅವರಿಗೆ ಗುಮಾನಿ. ಯಂತ್ರ ಇಡಿ ಯಾವುದು, ಹೋಳು ಯಾವುದು ಎಂದು ಹೇಳುತ್ತದೆ, ಯಾರ ಕೈಯದು ಎಂದು ಹೇಳುವುದಿಲ್ಲ. "ಅದನ್ನ ಹೇಳೋ ಕಣ್ಣು ಇಡೀ ಕೊಲ್ಲಂನಲ್ಲೇ ನಿಮ್ಮೊಬ್ರದ್ದೇ ಬ್ರಿಜೀತಾ. ಸೋಮವಾರ ನಾಲ್ಕು ಬುಟ್ಟಿ ಇಡ್ತೀನಿ, ಬೇರೆ ಬೇರೆ ಮಾಡಿ ತೋರಿಸಿ. ತೂಕದ ಮೇಜು ನಿಮ್ದು" ಎಂದರು. ಈಸ್ಟರ್ ಮುಗಿದ ಮಾರನೆಯ ದಿನದಿಂದಲೇ ಕೂರಬಹುದಂತೆ.

ಸಂಜೆ ಅಂತೋಣಿಯವರ ಮುಂದೆ ಮೊಣಕಾಲೂರಿದೆ. ಕೇಳಿದ್ದನ್ನು ಕೊಟ್ಟಿದ್ದಾರೆ, ಒಂದು ವಾರ ಮುಂಚೆಯೇ. ಕುರ್ಚಿ, ಫ್ಯಾನು, ಈಸ್ಟರ್ ಕಳೆದ ಮೇಲೆ ಬೆಳ್ಳಗಾಗತೊಡಗುವ ಕೈ. ಕಳೆದದ್ದೆಲ್ಲ ಸಿಕ್ಕಿತು. ಒಂದು ಮಾತೂ ಪ್ರಾರ್ಥಿಸಲಾಗದೆ ಎದ್ದು ಬಂದೆ.

ಮಾರ್ಚ್ 30, ಗುರುವಾರ

ಸಾಲಿನಲ್ಲಿ ಯಾರಿಗೂ ಹೇಳಿಲ್ಲ. ಆದರೆ ಆಫೀಸಿಗೆ ಹೋದದ್ದನ್ನು ಎಲ್ಲರೂ ನೋಡಿದ್ದಾರೆ. ನಬೀಸ ಎರಡು ದಿನದಿಂದ ತಮಾಷೆ ಮಾಡುತ್ತಿಲ್ಲ. ನಾನು ಗಂಜಿಗೆ ಕೂತರೆ ಮಾತು ನಿಲ್ಲುತ್ತದೆ. ಅವರು ಹೆದರಿದ್ದಾರೆ. ನನಗೆ ಹೆದರುವುದು ಅವರಿಗೆ ಹೊಸದಲ್ಲ, ನೋವಾಗುವುದು ನನಗೆ ಹೊಸದು.

ತಂಗಮಣಿ ಚೇಚಿ ಮಾತ್ರ, ಊಟದ ಮೇಲೆ ನನ್ನ ಅಂಗೈಗೆ ಎಣ್ಣೆ ಹಚ್ಚುತ್ತ, "ಮೇಜಿಗೆ ಹೋದ್ಮೇಲೂ ಒಂದು ತಿಂಗ್ಳು ಎಣ್ಣೆ ಬಿಡಬೇಡ ಕಣೇ. ಇಲ್ದಿದ್ರೆ ಬಿರುಕು ಬಿಡುತ್ತೆ" ಎಂದಳು. ಅವಳಿಗೆ ಎಲ್ಲ ಗೊತ್ತಿದೆ. ಹೋಗಬೇಡ ಎನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹೋಗಿಬಿಡುತ್ತಿದ್ದೆ.

ಏಪ್ರಿಲ್ 3, ಸೋಮವಾರ

ಆಫೀಸಿನ ಮೇಜಿನ ಮೇಲೆ ನಾಲ್ಕು ಬುಟ್ಟಿ. ಹೆಸರಿನ ಚೀಟಿಯನ್ನು ಸಾರ್ ಕೈಯಲ್ಲಿ ಮುಚ್ಚಿ ಹಿಡಿದಿದ್ದರು.

ಮೊದಲ ಬುಟ್ಟಿಗೆ ಕೈ ಹಾಕಿದೆ. ಬೆನ್ನಿನ ಮೇಲೆ ಗೀರು, ನಬೀಸಳದ್ದು. ನಡುವೆ ಬೇರೆಯವರದು ಒಂದೂ ಇಲ್ಲ, ಅವಳು ಕೊಡುವವಳು. ಎರಡನೆಯದು, ಮೂರನೆಯದು ಅತ್ತ ಕಡೆಯ ಸಾಲಿನವರದು. ನಾಲ್ಕನೆಯದು ತಂಗಮಣಿ ಚೇಚಿಯದು. ಸಿಪ್ಪೆ ಎದ್ದ ಅವಳ ಇಡಿ ಬೀಜ ಹಿಡಿಗೆ ನಾಲ್ಕೈದು ಇದ್ದರೆ ಹೆಚ್ಚು. ಉಳಿದವುಗಳಲ್ಲಿ ನನ್ನ ಕೈಯ ಬೀಜಗಳೂ ಇದ್ದವು. ಅವುಗಳಿಗೂ ಈಗ ಒಂದು ಗುರುತಿದೆ, ಬುಡದಲ್ಲಿ ಚುಕ್ಕೆಯಷ್ಟು ತಗ್ಗು. ನನ್ನ ಗುರುತನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಚೆನ್ನಾಗಿತ್ತು.

ಇಡೀ ಕೊಲ್ಲಂನಲ್ಲಿ ನನ್ನೊಬ್ಬಳದೇ ಆದ ಕಣ್ಣು. ಹೊಲಿಗೆ ಬಾರದ, ಹಾಡು ಬಾರದ, ಮಕ್ಕಳಾಗದ ನನಗೆ ದೇವರು ಕೊಟ್ಟದ್ದು ಇದೊಂದೇ.

"ಎಲ್ಲ ಒಂದೇ ಥರ ಕಾಣ್ಸುತ್ತೆ ಸಾರ್. ಮೂರು ತಿಂಗಳ ಹೊಗೆ, ಸೊನೆ. ಕಣ್ಣು ಹೋಗಿದೆ" ಎಂದೆ.

ಅವರು ನನ್ನನ್ನೇ ನೋಡಿದರು. ಇನ್ನೊಂದು ಸಲ ನೋಡಿ ಎಂದರು. ಇನ್ನೊಂದು ಸಲ ನೋಡಿ, ನಬೀಸಳ ಬೀಜಗಳನ್ನು ತಂಗಮಣಿ ಚೇಚಿಯದೆಂದೂ, ತಂಗಮಣಿ ಚೇಚಿಯದನ್ನು ನನ್ನದೆಂದೂ ಹೇಳಿದೆ. ಸಾರ್ ಚೀಟಿ ನೋಡಿ ನಕ್ಕರು. ನಂಬಿದರೋ ಇಲ್ಲವೋ ಗೊತ್ತಿಲ್ಲ. ದೃಷ್ಟಿ ಮಂದ, ಮೇಜಿನ ಕೆಲಸಕ್ಕೆ ಇನ್ನು ಪರಿಗಣಿಸಬಾರದು ಎಂದು ನನ್ನ ಎದುರಿಗೇ ನನ್ನ ಕಡತದಲ್ಲಿ ಬರೆದರು, ಕೆಂಪು ಶಾಯಿಯಲ್ಲಿ. ಮುಂದಿನ ವರ್ಷವಲ್ಲದಿದ್ದರೆ ಅದರ ಮುಂದಿನ ವರ್ಷ ಒಡೆಯುವ ಯಂತ್ರವೂ ಬರುತ್ತದೆ, ಆಗ ಯಾರ ಕೈ ಎಂಬ ಪ್ರಶ್ನೆಯೇ ಇರುವುದಿಲ್ಲ ಎಂದು ಸಮಾಧಾನ ಹೇಳಿದರು.

ಮನೆಗೆ ಬಂದು ತುಂಬ ಹೊತ್ತು ಅತ್ತೆ. ಒಳ್ಳೆಯದು ಮಾಡಿದೆ ಎಂದು ಒಂದು ಕ್ಷಣವೂ ಅನಿಸಲಿಲ್ಲ. ಏನೋ ಕಡಿದು ಕೊಟ್ಟು ಬಂದ ಹಾಗಿದೆ.

ಏಪ್ರಿಲ್ 4, ಮಂಗಳವಾರ (ಹದಿಮೂರು)

ಪವಿತ್ರ ವಾರವಾದ್ದರಿಂದ ನೊವೇನ ಬೆಳಿಗ್ಗೆಯೇ ಇತ್ತು. ಅಂತೋಣಿಯವರೊಡನೆ ನೇರವಾಗಿ ಮಾತಾಡಿದೆ. ನೀವು ಕೊಟ್ಟಿರಿ, ನಾನು ತೆಗೆದುಕೊಳ್ಳಲಿಲ್ಲ, ಹಾಗಾದರೆ ಹರಕೆ ತೀರಿಸಬೇಕೋ ಬೇಡವೋ? ಅವರು ಎಂದಿನಂತೆ ಮಗುವನ್ನು ಎತ್ತಿಕೊಂಡು ಬೇರೆಲ್ಲೋ ನೋಡುತ್ತಿದ್ದರು. ಅವರ ಹೆಸರಿನಲ್ಲಿ ಸಾಲ ಉಳಿಯಬಾರದೆಂದು ಬೇಕರಿಗೆ ಹೋಗಿ ಎರಡು ಬುಟ್ಟಿ ಬನ್ನು ಕೊಂಡೆ. ಹೊರಗೆ ಬಂದಾಗ ಗ್ರೇಸಿ ಟೀಚರ್ ಸಿಕ್ಕಿ, ಯಾರಿಗೆ ಇಷ್ಟೊಂದು ಎಂದು ಕೇಳಿದರು. ನಮ್ಮವರಿಗೆ ಎಂದೆ.

ಶೆಡ್ಡಿಗೆ ಹೋಗುವಾಗ ಅರ್ಧ ದಿನ ಕಳೆದಿತ್ತು. ಬನ್ನು ಹಂಚಿದೆ. ಬಿಳಿ ಬನ್ನಿನ ಮೇಲೆ ಎಲ್ಲರ ಬೆರಳಿನ ಕಪ್ಪು ಗುರುತು ಮೂಡಿತು. ಹಾಗೇ ತಿಂದೆವು. "ಯಾವ ಹರಕೆ ಚೇಚಿ, ಫಲಿಸಿತಾ?" ಎಂದು ನಬೀಸ ಕೇಳಿದಳು. ನಿನ್ನ ಬಾಯಿ ಮುಚ್ಚಲಿ ಅಂತ ಹೊತ್ತದ್ದು, ಫಲಿಸಿಲ್ಲ ಎಂದೆ. ವಾರದ ಮೇಲೆ ಇವತ್ತು ನಕ್ಕಳು. ತಂಗಮಣಿ ಚೇಚಿ ನಗಲಿಲ್ಲ. ಬನ್ನನ್ನು ಮುರಿಯದೆ ಸೆರಗಿನಲ್ಲಿ ಕಟ್ಟಿಕೊಂಡಳು.

ಆಮೇಲೆ ಎಷ್ಟು ಬೇಗ ಬೇಗ ಹೊಡೆದರೂ ಬುಟ್ಟಿಯ ತಳ ಮುಚ್ಚಲಿಲ್ಲ. ಇವತ್ತು ಗೆರೆಯ ಕೆಳಗೆ ಬೀಳುವವಳು ನಾನೊಬ್ಬಳೇ ಎಂದುಕೊಂಡು ತೂಕದ ಸಾಲಿನಲ್ಲಿ ನಿಂತೆ. ಹಿಂದಿನಿಂದ ಯಾರೋ ಎಡವಿದರು. ಪಕ್ಕದಿಂದ ಯಾರದೋ ಸೆರಗು ತಾಗಿತು. ಇನ್ನೊಬ್ಬರು ಮೈ ತಿಕ್ಕಿಕೊಂಡು ಹೋದರು, ಮತ್ತೊಬ್ಬರು. ತಕ್ಕಡಿಯ ಹತ್ತಿರ ಬರುವಾಗ ಬುಟ್ಟಿ ಎರಡು ಕೈಯಲ್ಲಿ ಎತ್ತುವಷ್ಟು ಭಾರವಾಗಿತ್ತು.

ನೋಡಲಿಲ್ಲ. ನೋಡಿದ್ದರೆ ಯಾರ ಯಾರ ಕೈಯದೆಂದು ಒಂದೊಂದನ್ನೂ ಹೇಳುತ್ತಿದ್ದೆ. ಗೋಡೆಯ ಕಡೆ ಮುಖ ಮಾಡಿ, ಬುಟ್ಟಿಯನ್ನು ತಕ್ಕಡಿಗೆ ಇಟ್ಟೆ.